ಗದ್ದೆಯ ತಳ ತೋಡಿದ ಮೊಗಣ್ಣ

ನಾಲೆ ಬದಿಯ ಊರೊಂದರಲ್ಲಿ ಮೊಗಣ್ಣ ಅಂತ ಒಬ್ಬನಿದ್ದ, ಕೇಳಿ. ಮೈಯಲ್ಲಿ ಎರಡೆತ್ತಿನ ಕಸುವು, ತಲೆಯಲ್ಲಿ ಮಾತ್ರ ಕೊನೆಗೆ ಕೇಳಿದ ಮಾತೊಂದೇ. ಅಂಥವನನ್ನು ಹೆತ್ತ ಹೊಂಬಾಳಮ್ಮನಿಗೆ ಇದ್ದದ್ದು ಒಂದೇ ಗದ್ದೆ. ಅದಕ್ಕೆ ನಾಲೆ ನೀರಿನ ಸರದಿ ಎಂಟು ದಿನಕ್ಕೊಂದು ಹಗಲು. ಆ ನೀರು ಗದ್ದೆಯಲ್ಲಿ ನಿಂತರೆ ವರ್ಷದ ಅನ್ನ, ಇಂಗಿದರೆ ಇಲ್ಲ.

ಗದ್ದೆಯ ಅಡಿಯೆಲ್ಲ ಬರೀ ಮರಳು. ಅವಳ ಗಂಡ ಇಪ್ಪತ್ತು ವರ್ಷ ಕೆಸರಲ್ಲಿ ಎತ್ತು ತುಳಿಸಿ, ಮೊಳದಾಳದಲ್ಲಿ ಒಂದು ಗಟ್ಟಿ ಪದರ ಕೂರಿಸಿ ಸತ್ತಿದ್ದ. ನೀರು ನಿಲ್ಲುತ್ತಿದ್ದದ್ದು ಅದರ ಮೇಲೆ.

ನಾಟಿಗೆ ಮುಂಚೆ ಅವಳು ಮಗನಿಗೆ ಕೆಸರು ತುಳಿಯಲು ಹೇಳಿದಳು. ತುಳಿದಷ್ಟೂ ನೀರು ನಿಲ್ಲುತ್ತದೆ ಎಂದಳು. ಮೊಗಣ್ಣ ಗದ್ದೆ ತುಳಿದ. ಪಕ್ಕದ ಸಸಿಮಡಿಯಲ್ಲೂ ನೀರು ಕಂಡಿತು, ಅದನ್ನೂ ತುಳಿದ. ಅರ್ಧ ಪೈರು ಮಣ್ಣುಪಾಲಾಯಿತು.

ಹೊಂಬಾಳಮ್ಮನಿಗೆ ಸಿಟ್ಟು ನೆತ್ತಿಗೇರಿತು. ಪೈರಿರುವ ಕಡೆ ಯಾರಾದರೂ ತುಳಿಯುತ್ತಾರಾ, ಬೇರಿಗೆ ಮಣ್ಣು ಸಡಿಲ ಇರಬೇಕು, ಸಡಿಲ, ಎಂದು ಉಗಿದಳು.

ಸರಿ, ಉಳಿದ ಪೈರು ನಾಟಿಯಾಯಿತು. ಮಾರನೇ ದಿನ ಮೊಗಣ್ಣ ಹಾರೆ ಹಿಡಿದು ಗದ್ದೆಗಿಳಿದ. ಮೊಳದಾಳದಲ್ಲಿ ಹಾರೆಗೆ ಗಟ್ಟಿ ತಾಗಿತು. ಪಾಪ, ಇಲ್ಲಿ ಬೇರು ಹೇಗೆ ಇಳಿಯಬೇಕು ಎಂದು ಮರುಗಿ, ಸಾಲಿಗೊಂದರಂತೆ ತೂತು ಹೊಡೆದ. ನಿಂತ ನೀರೆಲ್ಲ ಗುಳುಗುಳು ಎಂದು ಮರಳಿಗಿಳಿಯಿತು. ಹೊಂಬಾಳಮ್ಮ ಬಂದು ನೋಡಿ ಬಾಯಿ ಬಡಿದುಕೊಂಡಳು.

"ನಿಮ್ಮಪ್ಪನ ಇಪ್ಪತ್ತು ವರ್ಷನ ಒಂದು ಬೆಳಗ್ಗೇಲಿ ತೂತು ಮಾಡಿದ್ಯಲ್ಲೋ! ತಳ ಇಲ್ದಿದ್ರೆ ನಾಲೆನೇ ತಂದು ಸುರಿದ್ರೂ ಸಾಲದು ಕಣೋ."

ಬದುವಿನ ಮೇಲೆ ನಿಂತವರು ನಕ್ಕರು. ನಗುವವರು ಬಂದು ಒಂದೊಂದು ಬುಟ್ಟಿ ಜೇಡಿಮಣ್ಣು ಹಾಕಲಿ ಎಂದು ಅವರಿಗೂ ಉಗಿದಳು. ಯಾರೂ ಬರಲಿಲ್ಲ. ಅವಳೇ ಏಳು ದಿನ ಕೆರೆಯಿಂದ ಜೇಡಿ ಹೊತ್ತಳು. ನೀರು ಹೋಗುವ ತೂತು ಎಲ್ಲಿ ಕಂಡರೂ ಜೇಡಿ ತುಂಬು, ತುಳಿ, ಮತ್ತೆ ತುಂಬು, ಮತ್ತೆ ತುಳಿ ಎಂದು ಮಗನಿಗೆ ಹೇಳಿ ಹೇಳಿ ಗಂಟಲು ಒಣಗಿತು. ಅಂತೂ ಗದ್ದೆಯ ತಳ ಮುಚ್ಚಿತು.

ಎಂಟನೇ ದಿನ ನೀರು ಬಂತು. ಸೊಂಟ ಬಿದ್ದುಹೋಗಿದ್ದ ಹೊಂಬಾಳಮ್ಮ, ನೋಡಿಕೊಂಡಿರು ಎಂದು ಮಗನನ್ನು ಕಳಿಸಿ ಮನೆಯಲ್ಲಿ ಮಲಗಿದಳು. ಹೊತ್ತು ಮುಳುಗುವಾಗ ಬಂದು ನೋಡಿದರೆ ಗದ್ದೆ ಬಿರುಕು ಬಿಟ್ಟಿದೆ. ಮೊಗಣ್ಣ ನಾಲೆಯ ಏರಿ ಪಕ್ಕ ಜೇಡಿಗುಡ್ಡೆಯ ಮೇಲೆ ಕೂತಿದ್ದಾನೆ.

"ನೀರೆಲ್ಲೋ?"

"ಇಲ್ಲೊಂದು ದೊಡ್ಡ ತೂತಿತ್ತು ಕಣವ್ವ. ನಾಲೆ ನೀರೆಲ್ಲ ಅದ್ರಾಗೇ ಹೋಯ್ತಿತ್ತು. ಮುಚ್ಚಿದೀನಿ."

ಅದು ಗದ್ದೆಗೆ ನೀರು ಬಿಡುವ ತೂಬು. ಹೊಂಬಾಳಮ್ಮ ಅವನನ್ನು ಅತ್ತ ನೂಕಿ ಕೈಯಲ್ಲಿ ಕೆದಕಿದಳು, ಗುದ್ದಲಿಯಲ್ಲಿ ಅಗೆದಳು, ಹಾರೆ ಹಾಕಿ ಮೀಟಿದಳು. ಒಂದು ಹೆಂಟೆಯೂ ಏಳಲಿಲ್ಲ. ಹುಟ್ಟಿದಾಗಿನಿಂದ ಒಂದು ಕೆಲಸವನ್ನೂ ನೆಟ್ಟಗೆ ಮಾಡದ ಮಗ ಇದೊಂದನ್ನು ನೆಟ್ಟಗೆ ಮಾಡಿದ್ದ.