ಕರುಳು ಎದ್ದ ಸದ್ದು

ನದಿಯ ದಂಡೆಯಲ್ಲಿ ಒಂದು ಆಸ್ಪತ್ರೆ ಇತ್ತು. ಅಲ್ಲಿ ರುದ್ರಯ್ಯ ಎಂಬ ಶಸ್ತ್ರವೈದ್ಯರು ಹೊಟ್ಟೆಯ ಆಪರೇಷನ್ ಮಾಡುತ್ತಿದ್ದರು, ಕಿರಿಯ ವೈದ್ಯರಿಗೆ ಪಾಠ ಹೇಳುತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು.

ಅವರ ಶಿಷ್ಯೆ ಸರ್ವಮಂಗಳ, ಎಲ್ಲರ ಬಾಯಲ್ಲಿ ಮಂಗಳ. ಬುದ್ಧಿ ಚುರುಕು, ಅವಸರವೂ ಅಷ್ಟೇ.

ಕರುಳಿಗೆ ಕತ್ತರಿ ಬಿದ್ದರೆ ಅದು ಕೆಲವು ದಿನ ಮಲಗಿಬಿಡುತ್ತದೆ. ಅಲುಗುವುದಿಲ್ಲ. ಅದು ಎದ್ದು ಗುಡುಗುಟ್ಟುವ ಸದ್ದು ಸ್ಟೆತಸ್ಕೋಪಿನಲ್ಲಿ ಕೇಳುವ ತನಕ ರೋಗಿಗೆ ಗಂಜಿಯೂ ಇಲ್ಲ. ಮೇಷ್ಟ್ರ ವಾರ್ಡಿನ ನಿಯಮ ಅದು.

"ಇವರನ್ನ ಇಷ್ಟು ದಿನ ಉಪವಾಸ ಕೆಡವಬೇಕಾ ಸರ್?" ಎಂದು ಒಮ್ಮೆ ಮಂಗಳ ಕೇಳಿದಳು.

"ಮಲಗಿರೋ ಕರುಳಿಗೆ ಅನ್ನ ಹಾಕಿದರೆ ಅದು ಎಲ್ಲಿಗೆ ಹೋಗುತ್ತೆ?"

"ವಾಪಸ್ ಮೇಲಕ್ಕೆ. ವಾಂತಿ ಆಗುತ್ತೆ."

"ಆ ವಾಂತಿ ಎಲ್ಲಿಗೆ ಹೋಗುತ್ತೆ?"

ಉತ್ತರ ಅವಳಿಗೆ ಗೊತ್ತಿತ್ತು. ನಿತ್ರಾಣವಾಗಿ ಮಲಗಿದವರ ವಾಂತಿ ಶ್ವಾಸಕೋಶಕ್ಕೆ ಇಳಿಯುವುದುಂಟು. ಹೊಟ್ಟೆಯ ರೋಗಿ ಆಗ ನ್ಯುಮೋನಿಯಾದಿಂದ ಸಾಯುತ್ತಾನೆ.

"ಹಾಗಾದರೆ ಕರುಳನ್ನೇ ಬೇಗ ಎಬ್ಬಿಸೋಣ ಸರ್."

"ಹೇಗೆ?"

"ಬಾಯಿ ಅಗಿದರೆ ಊಟ ಬರ್ತಿದೆ ಅಂತ ಕರುಳು ಅಂದುಕೊಳ್ಳುತ್ತೆ. ನುಂಗೋದೇ ಬೇಡ. ಶುಂಠಿ ರುಚಿಯ ಚೂಯಿಂಗ್ ಗಮ್ ಕೊಡೋಣ, ಅಗಿದು ಉಗೀಲಿ."

"ಕರುಳಿಗೇ ಟೋಪಿ ಹಾಕ್ತೀಯಾ?" ಮೇಷ್ಟ್ರು ನಕ್ಕರು. "ಮಾಡಿ ನೋಡು. ಒಪ್ಪಿದವರ ಮೇಲೆ ಮಾತ್ರ. ಯಾರು ಅಗೀಬೇಕು, ಯಾರು ಅಗೀಬಾರದು ಅನ್ನೋದನ್ನ ಚೀಟಿ ಹೇಳಲಿ. ಯಾರಿಗೆ ಯಾವ ಚೀಟಿ ಬಂತು ಅಂತ ನಿನಗೆ ಗೊತ್ತಾಗಬಾರದು."

"ಗೆದ್ದರೆ ನಿಯಮ ಬದಲಾಯಿಸ್ತೀರಾ ಸರ್?"

"ನಿಜವಾದರೆ ಬದಲಾಯಿಸ್ತೀನಿ."

ಚೀಟಿ ಎತ್ತುವುದು, ಗಮ್ ಕೊಡುವುದು ಸಿಸ್ಟರ್ ಹನುಮಕ್ಕನ ಪಾಲಿಗೆ ಬಂತು. ಮಂಗಳ ವಾರ್ಡಿನಲ್ಲಿ ಇಲ್ಲದ ಹೊತ್ತಿನಲ್ಲೇ ಅದು ನಡೆಯುತ್ತಿತ್ತು. ಬೆಳಿಗ್ಗೆ ಸಂಜೆ ಹೊಟ್ಟೆಗೆ ಕಿವಿಗೊಡುವುದು ಮಂಗಳಳ ಪಾಲು.

ಕೆಲವು ತಿಂಗಳಾದ ಮೇಲೆ ಅವಳು ಓಡುತ್ತ ಬಂದಳು.

"ಗೆದ್ದೆ ಸರ್! ಮೊದಲ ತಂಡದ ಚೀಟಿ ಬಿಚ್ಚಿ ನೋಡಿದ್ವಿ. ಅಗಿದವರ ಕರುಳು ಎರಡು ದಿನ ಮೊದಲೇ ಎದ್ದಿದೆ!"

"ಎದ್ದಿದ್ದನ್ನ ಕೇಳಿದ್ದು ಯಾರು?"

"ನಾನೇ."

"ಬಾ, ವಾರ್ಡಿಗೆ ಹೋಗೋಣ."

ಹೊಸ ತಂಡದಲ್ಲಿ ಕೊಟ್ರಮ್ಮ ಎಂಬ ಅಜ್ಜಿ ಇದ್ದಳು. ಕರುಳಿನ ಗಂಟು ತೆಗೆಸಿಕೊಂಡು ಮಲಗಿದ್ದಳು. ಮೇಷ್ಟ್ರು ತಮ್ಮ ಸ್ಟೆತಸ್ಕೋಪನ್ನು ಮಂಗಳಳ ಕೈಗೆ ಕೊಟ್ಟರು.

ಮಂಗಳ ಬಗ್ಗಿ, ಕಣ್ಣು ಮುಚ್ಚಿ, ಆಲಿಸಿದಳು.

"ಎದ್ದಿದೆ ಸರ್. ಸಣ್ಣಗೆ ಗುಡುಗುಡು ಅಂತಿದೆ. ಸಿಸ್ಟರ್, ಅಜ್ಜಿಗೆ ಗಂಜಿ ಶುರು ಮಾಡಿ."

"ನಿನ್ನ ಹೊಟ್ಟಿ ತಣ್ಣಗಿರ್ಲಿ ತಾಯಿ. ಹಂಗ ಒಂದೀಟು ಉಪ್ಪಿನಕಾಯಿ," ಎಂದಳು ಕೊಟ್ರಮ್ಮ.

"ತಡಿ," ಎಂದರು ಮೇಷ್ಟ್ರು. "ಪಕ್ಕದ ಮಂಚ ನೋಡು."

ಪಕ್ಕದ ಹೆಂಗಸಿನ ಹೊಟ್ಟೆಯನ್ನೂ ಮಂಗಳ ಆಲಿಸಿದಳು. "ಇಲ್ಲ ಸರ್. ಇವರದು ಇನ್ನೂ ಮಲಗಿದೆ."

ಮೇಷ್ಟ್ರು ಸ್ಟೆತಸ್ಕೋಪನ್ನು ವಾಪಸ್ ಇಸಿದುಕೊಂಡರು. ಬಿಲ್ಲೆಯಿಂದ ಕೊಳವೆ ಕಿತ್ತು, ಚಿಮಟ ಹಾಕಿ, ತಾವೇ ಒಳಗೆ ತುರುಕಿದ್ದ ಹತ್ತಿಯನ್ನು ಎಳೆದರು. ಅದು ಉದ್ದಕ್ಕೆ ಬರುತ್ತಲೇ ಇತ್ತು. ಕೊನೆಗೆ ಹಸ್ತದ ಮೇಲೆ ಒಂದು ಗುಪ್ಪೆಯಾಯಿತು.

"ಇದರೊಳಗೆ ಸಿಡಿಲು ಹೊಡೆದರೂ ಕೇಳಲ್ಲ."

ಮಂಗಳಳ ಮುಖ ಬಿಳಿಚಿತು. "ಹಾಗಾದರೆ ನನಗೆ ಕೇಳಿಸಿದ್ದು ಏನು ಸರ್?"

ಮೇಷ್ಟ್ರು ಕೊಟ್ರಮ್ಮನ ಮಂಚದ ಹತ್ತಿರ ಬಗ್ಗಿ ಉಸಿರೆಳೆದುಕೊಂಡರು.

"ಶುಂಠಿ," ಎಂದರು. "ಅಜ್ಜಿ ಅಗಿದವಳು ಅಂತ ನಿನ್ನ ಮೂಗಿಗೆ ಗೊತ್ತಾಯ್ತು."

ಅಜ್ಜಿ ಇಬ್ಬರನ್ನೂ ನೋಡಿದಳು. "ಅಕಿ ಕೊಡು ಅಂತಾಳ, ನೀ ತಡಿ ಅಂತಿ. ನಿಮ್ಮಿಬ್ರ ಜಗಳದಾಗ ನಾನು ಹಸಗೊಂಡು ಸಾಯ್ಲೇನು?"

ಆ ದಿನ ಅವಳಿಗೆ ಗಂಜಿ ಕೊಡಲಿಲ್ಲ. ಸಂಜೆ ಬರಿಹೊಟ್ಟೆಯಲ್ಲೇ ಅವಳಿಗೆ ಹಸಿರು ವಾಂತಿಯಾಯಿತು. ಬೋಗುಣಿ ಹಿಡಿದು ನಿಂತಿದ್ದವಳು ಮಂಗಳ. ಈ ಹೊಟ್ಟೆಯಲ್ಲಿ ತಾನು ಹೇಳಿದ ಗಂಜಿಯೂ ಇದ್ದಿದ್ದರೆ ಎಂದು ನೆನೆದು ಅವಳು ಇನ್ನೊಂದು ಕೈಯಿಂದ ಅಜ್ಜಿಯ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಳು.

ಬೆಳಿಗ್ಗೆ ಅವಳು ನದಿಯ ಮೆಟ್ಟಿಲ ಮೇಲೆ ಕೂತಿದ್ದಳು. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು.

"ಇದನ್ನ ಇಲ್ಲಿಗೇ ಬಿಟ್ಟುಬಿಡ್ತೀನಿ ಸರ್. ಎಲ್ಲ ಸುಳ್ಳು."

"ಸುಳ್ಳು ಅಂತ ನಿನಗೆ ಹೇಗೆ ಗೊತ್ತು?"

"ನೀವೇ ತೋರಿಸಿದ್ರಲ್ಲ?"

"ನಾನು ತೋರಿಸಿದ್ದು ನಿನ್ನ ಕಿವಿಯನ್ನ. ಅವರ ಕರುಳಿನ ವಿಷಯ ನನಗೂ ಗೊತ್ತಿಲ್ಲ. ನಿನ್ನೆ ಗೊತ್ತು ಅಂತ ಕುಣಿದೆ. ಇವತ್ತು ಗೊತ್ತು ಅಂತ ಅಳ್ತಿದ್ದೀಯ. ಎರಡೂ ಒಂದೇ ಕಾಯಿಲೆ ಕಣಮ್ಮ."

"ನನ್ನ ಕಿವಿಯನ್ನೇ ನಂಬೋ ಹಾಗಿಲ್ಲ ಅಂದ್ರೆ ಯಾರನ್ನ ಕೇಳಲಿ ಸರ್?"

"ಆ ಹೊಟ್ಟೆ ಯಾರದು?" ಎಂದು ಕೇಳಿ ಮೇಷ್ಟ್ರು ಎದ್ದು ಹೋದರು.

ಎರಡು ದಿನ ಆ ಪ್ರಶ್ನೆಯನ್ನೇ ಮೆಲುಕು ಹಾಕಿ ಮಂಗಳ ವಾರ್ಡಿಗೆ ಹೋದಳು. ಕೊಟ್ರಮ್ಮ ಗೆಲುವಾಗಿದ್ದಳು.

"ಅಜ್ಜಿ, ಗಾಳಿ ಹೋಯ್ತಾ?"

ಕೊಟ್ರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಥೂ! ಹೆಣ್ಮಗಳು ಕೇಳೋ ಮಾತೇನ ಇದು?"

"ಹೇಳು ಅಜ್ಜಿ. ಗಾಳಿ ಹೋದರೆ ಕರುಳು ಎದ್ದಿದೆ ಅಂತ ಅರ್ಥ."

"ನಿನ್ನೆನ ಹೋತು."

"ಅಯ್ಯೋ! ನಿನ್ನೆಯೇ ಯಾಕೆ ಹೇಳಲಿಲ್ಲ? ಆಗಲೇ ಗಂಜಿ ಕೊಡ್ತಿದ್ವಲ್ಲ?"

"ನೀವು ಇಷ್ಟು ಮಂದಿ ದಂಡು ಕಟಿಗೊಂಡು ಬರ್ತೀರಿ. ಎಲ್ಲಾರ ಮುಂದ ಬಾಯಿ ಬಿಟ್ಟು ಹೆಂಗ ಹೇಳ್ಲವ್ವ? ನನಗೂ ಮಾನ ಐತಿ."

ಮಂಗಳ ಅವಳಿಗೆ ಗಂಜಿ ತರಿಸಿದಳು. ಆಮೇಲೆ ಜೋರಾಗಿ ನಕ್ಕಳು. ನಗುತ್ತಲೇ ಪೇಟೆಗೆ ಹೋದಳು.

ಬರುವಾಗ ಅವಳ ಚೀಲದ ತುಂಬ ಪೂಜೆಯ ಗಂಟೆಗಳಿದ್ದವು.

"ಇದೇನಮ್ಮ?" ಎಂದರು ಮೇಷ್ಟ್ರು.

"ಮಂಚಕ್ಕೊಂದು ಸರ್. ಗಾಳಿ ಹೋದ ಕೂಡಲೇ ಬಾರಿಸಬೇಕು. ಬಾಯಿ ಬಿಟ್ಟು ಹೇಳೋದೇ ಬೇಡ. ಹೊರಗೆ ಜಗಲಿಯಲ್ಲಿ ಕೂತವರು ಮಂಚ ಯಾವುದು, ಹೊತ್ತು ಎಷ್ಟು ಅಂತ ಬರೆದುಕೊಳ್ತಾರೆ. ಯಾರು ಅಗಿದರು ಅನ್ನೋದು ಅವರಿಗೂ ಗೊತ್ತಿರಲ್ಲ. ನಾನಂತೂ ಒಳಗೇ ಬರಲ್ಲ."

"ಶುಂಠಿ?"

"ಇಡೀ ವಾರ್ಡು ಶುಂಠಿ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತೆ."

"ಮೊದಲ ತಂಡದ್ದು?"

"ಅದು ಲೆಕ್ಕಕ್ಕಿಲ್ಲ ಸರ್. ಮೊದಲಿಂದ ಶುರು."

ಮೇಷ್ಟ್ರು ಒಂದು ಗಂಟೆಯನ್ನು ಎತ್ತಿ ಮೆಲ್ಲಗೆ ಅಲುಗಿಸಿದರು.

ಆ ವರ್ಷ ನದಿಯ ದಂಡೆಯ ಆಸ್ಪತ್ರೆ ದೇವಸ್ಥಾನದ ಹಾಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಮೊಳಗುತ್ತಿತ್ತು. ಬಾರಿಸಿದವರಿಗೆ ಉಳಿದವರು ಮಲಗಿದಲ್ಲೇ ಚಪ್ಪಾಳೆ ಹೊಡೆಯುತ್ತಿದ್ದರು, ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ಮೇಷ್ಟ್ರು ಪಾಠ ಹೇಳುತ್ತಿದ್ದಾಗಲೇ ಪಕ್ಕದ ಮಂಚದಲ್ಲಿ ಗಂಟೆ ಮೊಳಗಿತು. ಅವರು ಮಾತು ನಿಲ್ಲಿಸಿ, ಆ ಮಂಚದ ಕಡೆ ತಿರುಗಿ ಕೈ ಮುಗಿದರು. ಆಮೇಲೆ ಪಾಠ ಮುಂದುವರಿಸಿದರು.

ಕೊನೆಗೆ ಆ ದಿನ ಬಂತು.

ರೋಗಿಗಳನ್ನು ಕೆಂಪು ಗುಂಪು, ನೀಲಿ ಗುಂಪು ಎಂದು ವಿಂಗಡಿಸಲಾಗಿತ್ತು. ಯಾವ ಬಣ್ಣದವರು ಅಗಿದವರು ಎಂಬುದು ಸಿಸ್ಟರ್ ಹನುಮಕ್ಕ ಅಂಟಿಸಿಟ್ಟಿದ್ದ ಲಕೋಟೆಯೊಳಗಿತ್ತು. ನೀಲಿಯವರ ಗಂಟೆ ಕೆಂಪಿನವರದಕ್ಕಿಂತ ಒಂದು ಹಗಲು ಮುಂಚೆ ಮೊಳಗಿತ್ತು. ಅಷ್ಟು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮಂಗಳ ಲಕೋಟೆಗೆ ಕೈ ಹಾಕಿದಳು. ಮೇಷ್ಟ್ರು ಅದರ ಮೇಲೆ ಬೆರಳಿಟ್ಟರು.

"ನೀಲಿಯವರು ಅಗಿಯದವರಾಗಿದ್ದರೆ?"

ಲಕೋಟೆಯೊಳಗಿನ ಒಂದು ಮಾತಿಗಾಗಿ ಅವಳು ವರ್ಷವಿಡೀ ದುಡಿದಿದ್ದಳು.

"ಅಗಿಯೋದರಿಂದ ಕೆಡುಕು ಅಂತ ಎಲ್ಲರಿಗೂ ಹೇಳ್ತೀನಿ ಸರ್. ನನ್ನ ಹೆಸರು ಹಾಕಿಯೇ ಹೇಳ್ತೀನಿ. ಯಾರೂ ಕೊಡದ ಹಾಗೆ ನೋಡ್ಕೊಳ್ತೀನಿ."

"ಸಂಕಟ ಆಗಲ್ವಾ?"

"ಆಗುತ್ತೆ. ಆದರೂ ಹೇಳ್ತೀನಿ."

ಮೇಷ್ಟ್ರು ಬೆರಳು ತೆಗೆದರು. "ಈಗ ತೆರೆ."

ಹನುಮಕ್ಕ ಇಣುಕಿ ನೋಡಿದಳು. ಮೊದಲು ಕೂಗಿದವಳು ಅವಳೇ.

"ನೀಲಿ! ಅಗಿದವರು ನೀಲಿ!"

ಮಂಗಳ ಹನುಮಕ್ಕನನ್ನು ಅಪ್ಪಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಮೇಷ್ಟ್ರು ಎದೆಯ ಎಕ್ಸ್‌ರೇಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೇಗ ಗಂಜಿ ಕುಡಿದವರ ಶ್ವಾಸಕೋಶಗಳೆಲ್ಲ ಶುಭ್ರವಾಗಿದ್ದವು. ಯಾರೊಬ್ಬರಿಗೂ ನ್ಯುಮೋನಿಯಾ ಬಂದಿರಲಿಲ್ಲ.

ಸುದ್ದಿ ವಾರ್ಡಿಗೆ ಮುಟ್ಟಿತು. ಯಾರೋ ಒಬ್ಬರು ಗಂಟೆ ಬಾರಿಸಿದರು. ಮತ್ತೊಬ್ಬರು ಬಾರಿಸಿದರು. ನಿಮಿಷದೊಳಗೆ ಎಲ್ಲ ಮಂಚಗಳ ಗಂಟೆಗಳೂ ಒಟ್ಟಿಗೆ ಮೊಳಗಿದವು. ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು.

"ಇಷ್ಟೂ ಜನಕ್ಕೆ ಒಟ್ಟಿಗೇ ಹೋಯ್ತಾ?" ಎಂದು ಒಬ್ಬ ಕಿರಿಯ ವೈದ್ಯ ಕಂಗಾಲಾಗಿ ಕೇಳಿದ.

ಆ ಗದ್ದಲದಲ್ಲಿ ಮೇಷ್ಟ್ರು ಕಾಣಲಿಲ್ಲ. ಮಂಗಳ ಹುಡುಕಿಕೊಂಡು ಹೋದಳು.

ಅವರು ವಾರ್ಡಿನ ಬಾಗಿಲಲ್ಲಿ ಸ್ಟೂಲು ಹತ್ತಿ ನಿಂತಿದ್ದರು. ಬಾಗಿಲ ಮೇಲೆ ಒಂದು ತಗಡಿನ ಬೋರ್ಡು. 'ಕರುಳಿನ ಸದ್ದು ಕೇಳುವ ತನಕ ಬಾಯಿಗೆ ಏನನ್ನೂ ಕೊಡಕೂಡದು' ಎಂದು ಬಣ್ಣದಲ್ಲಿ ಬರೆದಿತ್ತು, ಕೆಳಗೆ ಅವರದೇ ಹೆಸರಿತ್ತು. ಅವರು ಅದರ ತುಕ್ಕು ಹಿಡಿದ ಮೊಳೆಗಳನ್ನು ಕೀಳುತ್ತಿದ್ದರು. ಬೋರ್ಡು ಬಿಟ್ಟು ಬಂತು. ಅದು ಇದ್ದ ಜಾಗದಲ್ಲಿ ಗೋಡೆ ಬೆಳ್ಳಗಿತ್ತು.

"ನನಗೆ ಕೊಡಿ ಸರ್," ಎಂದು ಮಂಗಳ ಬೋರ್ಡು ಇಸಿದುಕೊಂಡಳು. "ಬೇಸರ ಇಲ್ವಾ ನಿಮಗೆ?"

"ಅಷ್ಟು ಜನ ಬೇಗ ಊಟ ಮಾಡ್ತಿದ್ದಾರೆ. ಬೇಸರಕ್ಕೆ ಪುರುಸೊತ್ತೆಲ್ಲಿದೆ?" ಅವರು ಸ್ಟೂಲಿನಿಂದ ಇಳಿದರು. ಅವರ ಮುಖ ಅರಳಿತ್ತು. "ಹೊಸ ನಿಯಮ ನೀನೇ ಬರಿ. ನಿನ್ನ ಹೆಸರಲ್ಲೇ ಇರಲಿ."

ಮಂಗಳಳ ಕಣ್ಣು ತುಂಬಿತು. "ಇವತ್ತೇ ಪೇಂಟರನ್ನ ಕರೆಸ್ತೀನಿ ಸರ್. ಮಳೆ ಬಿಸಿಲಿಗೆ ಅಳಿಸದಂಥ ಬಣ್ಣದಲ್ಲಿ ಬರೆಸ್ತೀನಿ."

ಮೇಷ್ಟ್ರು ಕೈಯ ತುಕ್ಕನ್ನು ಒರೆಸಿಕೊಂಡರು.

"ಬಣ್ಣ ಬೇಡ ಮಂಗಳಾ," ಎಂದರು. "ಸೀಮೆಸುಣ್ಣದಲ್ಲಿ ಬರಿ."