ಮುಷ್ಟಿಯಕ್ಕನ ಗುಂಡು

ನಮ್ಮೂರಿನ ಪಡುವಣಕ್ಕೆ, ಈಚಲ ತೋಪು ಮುಗಿಯುವಲ್ಲಿ, ಆಳೆತ್ತರದ ಒಂದು ಗುಂಡುಕಲ್ಲಿದೆ. ಅದರ ಮೇಲೆ ಬಿಗಿದ ಮುಷ್ಟಿಯೊಂದನ್ನು ಕೆತ್ತಿದ್ದಾರೆ. ಮುಖವಿಲ್ಲ, ಮೈಯಿಲ್ಲ. ಸುತ್ತಲೂ ಕಿರುನೆಲ್ಲಿ ಹುಲುಸಾಗಿ ಬೆಳೆದಿದೆ. ಯಾರೂ ಕೀಳುವುದಿಲ್ಲ. ಇದನ್ನು ಮುಷ್ಟಿಯಕ್ಕನ ಗುಂಡು ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಬೋರಕ್ಕ ಎಂಬವಳಿದ್ದಳು. ಕಾಮಾಲೆಗೆ ಮದ್ದು ಕೊಡುವವಳು. ಕಿರುನೆಲ್ಲಿಯನ್ನು ಬೇರು ಸಮೇತ ಅರೆದು, ಉಂಡೆ ಕಟ್ಟಿ, ಮುಷ್ಟಿಯಲ್ಲಿ ಮರೆಮಾಡಿ ತಂದು ರೋಗಿಯ ಅಂಗೈಗೆ ಹಾಕುವಳು. ಪರರ ಕಣ್ಣಿಗೆ ಬಿದ್ದ ಮದ್ದು ಫಲಿಸದು ಎಂಬ ನಂಬಿಕೆ. ಅವಳ ತಮ್ಮ ಗಾದಿಲಿಂಗ ಹೆಂಡ ಇಳಿಸುವವನು. ಇಳಿಸಿದ ಪ್ರತಿ ಮಡಕೆಯಿಂದಲೂ ಮೊದಲ ಗುಟುಕನ್ನು ಇಳಿಸಿದವನೇ ಎಲ್ಲರೆದುರು ಕುಡಿಯಬೇಕೆಂಬ ಕಟ್ಟಳೆಯಿತ್ತು. ವಿಷವಿಲ್ಲ ಎಂಬುದಕ್ಕೆ ಅದೇ ಪ್ರಮಾಣ. ಗಾದಿಲಿಂಗ ಗುಟುಕಿನಿಂದ ಮಡಕೆಗೆ ಬಂದ. ಕಣ್ಣು ಅರಿಸಿನವಾಯಿತು. ಅಕ್ಕ ಮದ್ದು ಕೊಟ್ಟು ಪಥ್ಯ ಹೇಳಿದಳು. ಆ ತಿಂಗಳು ಅವನು ಮರ ಹತ್ತಲಿಲ್ಲ, ಹೆಂಡ ಮುಟ್ಟಲಿಲ್ಲ. ಕಣ್ಣು ತಿಳಿಯಾಯಿತು. ಗುಣ ಮಾಡಿದ್ದು ಸೊಪ್ಪೋ ಪಥ್ಯವೋ ಎಂದು ಯಾರೂ ಕೇಳಲಿಲ್ಲ. ಸಂಜೆ ಹೆಂಡ, ಬೆಳಿಗ್ಗೆ ಸೊಪ್ಪು ಎಂಬುದು ಊರಿಗೇ ರೂಢಿಯಾಯಿತು. "ನಾನು ಕೆಡಿಸ್ತೀನಿ, ಅಕ್ಕ ತೊಳೀತಾಳೆ" ಎಂದು ಗಾದಿಲಿಂಗ ನಗುತ್ತಿದ್ದ.

ಮರುವರ್ಷ ಅವನ ಹೊಟ್ಟೆ ನೀರು ತುಂಬಿ ಉಬ್ಬಿತು. ಕಾಲು ಬಾತವು. ಬೋರಕ್ಕ ಈ ಗುಂಡಿನ ಬುಡದಲ್ಲಿ ಸೊಪ್ಪು ಅರೆಯುತ್ತಿದ್ದಾಗ, ಮಡಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದು ಅಂಗೈ ಚಾಚಿದ.

"ಮಡಕೆ ಒಡಿ. ಆಮೇಲೆ ಕೈ ಚಾಚು."

"ಮಡಕೆ ಒಡೆದು ಉಣ್ಣೋದೇನು, ನಿನ್ನ ಸೊಪ್ಪಾ?"

"ಕುಡಿದದ್ದನ್ನೆಲ್ಲ ಹೊಟ್ಟೆಯೊಳಗಿನ ಈಲಿ, ಆ ಪಿತ್ತದ ಗಡ್ಡೆ, ಹೊರಬೇಕು ಕಣೋ. ಹೇರು ಇಳಿಸದೆ ಎತ್ತಿಗೆ ಹುಲ್ಲು ಹಾಕಿದ್ರೆ ಏನು ಬಂತು?"

"ನೀನು ಹುಲ್ಲು ಹಾಕಕ್ಕ. ಹೇರಿನ ಮಾತು ನಾಳೆ."

ಬೋರಕ್ಕ ಮದ್ದಿನ ಸಮೇತ ಮುಷ್ಟಿ ಬಿಗಿದಳು. ಇವತ್ತಾದರೂ ಮಡಕೆ ಬಿಟ್ಟಾನು ಎಂದು ಅವಳ ಎಣಿಕೆ. ಒಡಹುಟ್ಟಿದವಳು, ತೆರೆಯದೆ ಇರುತ್ತಾಳೆಯೇ ಎಂದು ಅವನ ಎಣಿಕೆ. ಅಲ್ಲೇ ಕುಳಿತ. ಕುಡಿಯುತ್ತಲೇ ಕುಳಿತ. ಬಿಸಿಲು ಇಳಿಯುವ ಮೊದಲು ರಕ್ತ ಕಾರಿ ಸತ್ತ. ಊರವರು ಹೆಂಡವನ್ನು ದೂರಲಿಲ್ಲ. ಮದ್ದು ಕೊಡದೆ ತಮ್ಮನನ್ನು ಕೊಂದಳು ಎಂದರು. ಬೋರಕ್ಕ ಮುಷ್ಟಿಯನ್ನು ತೆರೆಯಲಿಲ್ಲ. ಅನ್ನ ನೀರು ಬಿಟ್ಟು, ಗುಂಡಿಗೆ ಒರಗಿದಂತೆಯೇ ಪ್ರಾಣ ಬಿಟ್ಟಳು. ಸತ್ತ ಮೇಲೆ ಗಂಡಸರು ಸೆಣಸಿದರೂ ಬೆರಳು ಬಿಡಿಸಲಾಗಲಿಲ್ಲ, ಹಾಗೆಯೇ ಮಣ್ಣು ಮಾಡಿದರು ಎನ್ನುತ್ತಾರೆ. ಆಮೇಲೆ ಊರಿನಲ್ಲಿ ಹಾಗೆಯೇ ಹೊಟ್ಟೆ ಉಬ್ಬಿ ಸಾಯುವವರು ಹೆಚ್ಚಿದರು. ಅವಳ ಶಾಪವೆಂದು ಹೆದರಿ ಕಲ್ಲಿನ ಮೇಲೆ ಮುಷ್ಟಿ ಕೆತ್ತಿಸಿದರು.

ಈಗಲೂ ಹೊಟ್ಟೆ ಉಬ್ಬಿದ ಗಂಡಂದಿರನ್ನು ಹೆಂಡಂದಿರು ನಡೆಸಿಕೊಂಡು ಬರುತ್ತಾರೆ. ಬೋರಕ್ಕನ ಕೈಯಿಂದ ಬಾರದ ಸೊಪ್ಪಿಗೆ ಗುಣವಿಲ್ಲವಂತೆ. ಅದಕ್ಕೇ ಕಲ್ಲಿನ ಬೆರಳುಗಳ ಸಂದಿಗೆ ತಮ್ಮ ಬೆರಳು ತೂರಿಸಿ, "ತೆರಿ ತಾಯಿ" ಎಂದು ಬೇಡುತ್ತಾರೆ. ತೂರಿಸಿ ತೂರಿಸಿ ಆ ಸಂದಿ ಆಳವಾಗಿದೆ. ಬೇಡಿಕೆ ಮುಗಿದೊಡನೆ ಗಂಡಸರು ತೋಪಿನ ಕಡೆ ಇಳಿಯುತ್ತಾರೆ. ಅಲ್ಲಿ ಹೆಂಡ ಇಳಿಸುವವನು ಎಲ್ಲರೆದುರು ಮೊದಲ ಗುಟುಕು ಕುಡಿದು ತೋರಿಸುತ್ತಾನೆ.