ಸೊನ್ನೆ ಬಾರದ ಹುಣ್ಣಿಮೆ

ಭೀಮಾ ನದಿಯ ದಂಡೆಯ ಆ ಆಶ್ರಮದಲ್ಲಿ ಪಂಚಾಂಗ ಬರೆಯುತ್ತಿದ್ದರು. ಹುಣ್ಣಿಮೆಗೆ ಅಲ್ಲೊಂದು ಕಟ್ಟಳೆ. ಹಿಂದಿನ ದಿನದಿಂದ ಉಪವಾಸ. ಸೂರ್ಯ ಚಂದ್ರರು ನೇರ ಎದುರುಬದುರಾಗಿ ತಿಥಿ ಮುಗಿದ ಗಳಿಗೆಗೆ ಗಂಟೆ, ಆಮೇಲೆ ಊಟ. ಲೆಕ್ಕ ಹಾಕಿದವನೇ ಗಂಟೆ ಬಾರಿಸಬೇಕು.

ಆ ಸಲ ಲೆಕ್ಕ ಶಿಷ್ಯ ಪ್ರಲ್ಹಾದನ ಪಾಲಿಗೆ ಬಂತು. ಮಗ ಬಾರಿಸುವ ಮೊದಲ ಗಂಟೆ ಕೇಳಬೇಕೆಂದು ತಾಯಿ ಅಂಬಕ್ಕ ಊರಿಂದ ಬಂದು, ಗುಟುಕು ನೀರನ್ನೂ ಮುಟ್ಟದೆ ಕೂತಿದ್ದಳು. ಹಠಮಾರಿ ಹೆಂಗಸು. ಮಗನೂ ಅದೇ ಅಚ್ಚು.

ಗಳಿಗೆ ಬೆಳಿಗ್ಗೆಯೇ ಇತ್ತು. ಆ ಗಳಿಗೆಗೆ ಸೂರ್ಯ ಚಂದ್ರರ ನಡುವಿನ ಕೋನದ ಸೈನ್ ಸೊನ್ನೆಯಾಗಬೇಕು. ಪ್ರಲ್ಹಾದ ಕ್ಯಾಲ್ಕುಲೇಟರ್ ಒತ್ತಿದ. ಸೊನ್ನೆಗಳ ಸಾಲು ದಾಟಿ ತುದಿಯಲ್ಲೊಂದು ಅಂಕಿ ಉಳಿದಿತ್ತು. ಮತ್ತೆ ಒತ್ತಿದ, ಅದೇ ಅಂಕಿ. ಗಳಿಗೆಯನ್ನು ತುಸು ಹಿಂದೆ ಮುಂದೆ ಸರಿಸಿದ. ಒಮ್ಮೆ ಹೆಚ್ಚಾಯಿತು, ಒಮ್ಮೆ ಕಡಿಮೆಯಾಯಿತು. ಅವನಿಗೆ ಮೈ ಪರಚಿಕೊಳ್ಳುವಂತಾಯಿತು.

ಬಿಸಿಲೇರಿತು. ಎಲೆ ಹಾಕಿದ್ದು ಹಾಕಿದಂತೇ ಇತ್ತು. ಗುರುಗಳಾದ ನರಹರಿ ಆಚಾರ್ಯರು ಒಳಗೆ ಬಂದರು.

"ಯಾಕಪಾ, ಗಂಟಿ ಎಲ್ಲಿ?"

"ಸೊನ್ನಿ ಬಂದಿಲ್ರೀ ಆಚಾರ್ಯರ. ಬರದ ಬಾರಿಸಿದರ ಸುಳ್ಳಾಗ್ತದ."

"ಎಷ್ಟು ತಪ್ಪೇದ?"

"ಕಣ್ಣು ಮಿಟುಕಿಸೂ ಹೊತ್ತನ್ನ ಕೋಟಿ ಪಾಲು ಮಾಡಿದರ, ಅದರಾಗ ಒಂದು ಪಾಲು."

"ಯಾಕ ತಪ್ತದ?"

"ವೃತ್ತದ ಅಂಕಿ, ಆ ಪೈ, ಮುಗಿಯೂದೇ ಇಲ್ರೀ. ಈ ಯಂತ್ರದಾಗ ಹಿಡಿಯೂದು ಇಷ್ಟ. ಉಳದ ಚೂರು ಕತ್ತರಿಸಿ ಬಿಡ್ತದ."

ಆಚಾರ್ಯರು ಹೊರಗೆ ಹೋಗಿ, ಅಂಬಕ್ಕನ ಮುಂದಿದ್ದ ಖಾಲಿ ಎಲೆ ತಂದು ಕ್ಯಾಲ್ಕುಲೇಟರಿನ ಪಕ್ಕದಲ್ಲಿಟ್ಟರು.

"ಗಳಿಗಿ ಮೀರಿ ಎಷ್ಟು ಹೊತ್ತಾತು?"

ಪ್ರಲ್ಹಾದ ತಲೆಯೆತ್ತಿ ಬಿಸಿಲು ನೋಡಿದ. "ಎರಡು ತಾಸಾತ್ರೀ."

ಬಾಗಿಲಾಚೆ ತಾಯಿ ಗೋಡೆಗೆ ಒರಗಿದ್ದಳು. ತುಟಿ ಒಣಗಿ ಬಿಳಿಚಿತ್ತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಎದ್ದವನೇ ಓಡಿ ಹೋಗಿ ಗಂಟೆಯ ಹಗ್ಗ ಹಿಡಿದ. ಹಿಡಿದವನು ಅಲ್ಲೇ ನಿಂತ. ಹುಟ್ಟುಗುಣ, ಎಲ್ಲಿ ಹೋಗುತ್ತೆ?

"ಆಚಾರ್ಯರ, ಸೊನ್ನಿ ಬರದನ ಬಾರಿಸ್ಲಿಕ್ಹತ್ತೇನಿ. ಆ ಉಳದ ಚೂರು ಯಾರು ಹೊರಬೇಕ್ರೀ?"

"ಇಷ್ಟೊತ್ತು ನಿಮ್ಮವ್ವ ಹೊತ್ತಾಳ," ಅಂದರು ಆಚಾರ್ಯರು. "ಇನ್ನ ನೀ ಹೊರು."